ದಾರಿ ಗೊತ್ತಿಲ್ಲದವನಿಗೆ ನಮ್ಮ ಮನೆ ಎಲ್ಲಿದೆ?

ದಾರಿಯ ಹಕ್ಕುಗಳ ಬಗ್ಗೆ ಹೋದ ತಿಂಗಳು ಹೇಳಿದ ಜುಮಾ ಖುತ್ಬಾದಲ್ಲಿ ಒಂದು ಮಾತು ಅರ್ಧಕ್ಕೇ ನಿಂತಿತು. ದಾರಿಯಲ್ಲಿ ಕುಳಿತುಕೊಳ್ಳುವವರು ದಾರಿಗೆ ಅದರ ಹಕ್ಕನ್ನು ಕೊಡಬೇಕೆಂದು ಪ್ರವಾದಿ(ಸ) ಹೇಳಿದ್ದು ನಮಗೆಲ್ಲ ಗೊತ್ತು. ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಇಷ್ಟನ್ನು ಹೇಳಿದೆ. ಅಬೂದಾವೂದ್ ಅವರ ಸಂಗ್ರಹದಲ್ಲಿ ಇನ್ನೂ ಒಂದು ಹಕ್ಕು ಬರುತ್ತದೆ: ದಾರಿ ತಿಳಿಯದವನಿಗೆ ದಾರಿ ತೋರಿಸುವುದು. ಗುರುತಿಲ್ಲದ ನೆಲದಲ್ಲಿ ಒಬ್ಬನಿಗೆ ದಾರಿ ತೋರಿಸಿದರೆ ಅದೂ ಸದಕಾ ಎಂಬ ಅರ್ಥದ ಹದೀಸ್ ತಿರ್ಮಿದಿಯಲ್ಲಿದೆ. ಅಷ್ಟರಲ್ಲಿ ಸಮಯ ಮುಗಿಯಿತು. ನಮಾಝಿನ ನಂತರ ಇಬ್ಬರು ಹಿರಿಯರು ಬಂದು, “ಹಜರತ್, ಈಗ ಎಲ್ಲರ ಕೈಯಾಗೂ ಫೋನ್ ಐತಿ, ಮ್ಯಾಪ್ ಐತಿ. ದಾರಿ ಯಾರು ಕೇಳ್ತಾರ?” ಅಂದರು. ಅವರಿಗೆ ನಿಂತಲ್ಲೇ ಉತ್ತರಿಸಲು ಆಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ.

ಒಂದು ರಾತ್ರಿ ಇಶಾ ಮುಗಿಸಿ ಮಸೀದಿಯ ಬಾಗಿಲು ಹಾಕುತ್ತಿದ್ದೆ. ಓಣಿಯ ಹುಡುಗರು ಓಡಿ ಬಂದರು. ಅರ್ಧ ಗಂಟೆ ಹಿಂದೆ ಮೊದಲ ಸಾಲಿನಲ್ಲಿ ನಿಂತು ನಮಾಝ್ ಮಾಡಿದ್ದ ಹಿರಿಯರೊಬ್ಬರ ಬಾಯಿ ಒಂದು ಕಡೆ ಸೊಟ್ಟಗಾಗಿದೆ, ಬಲಗೈ ಎತ್ತಲಾಗುತ್ತಿಲ್ಲ ಎಂದರು. ಪಾರ್ಶ್ವವಾಯು ಎಂದು ನೋಡಿದ ಕೂಡಲೇ ತಿಳಿಯುವಂತಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದವನು ನಾನೇ. ಎಲ್ಲಿಗೆ ಬರಬೇಕೆಂದು ಕೇಳಿದಾಗ, “ಗುರುಗುಂಟಾ, ಮಸೀದಿ ಹತ್ರ ಬರ್ರಿ” ಅಂದೆ. ನನ್ನ ಪಾಲಿಗೆ ಊರಿನಲ್ಲಿ ‘ಮಸೀದಿ’ ಎಂದರೆ ನಾನು ನಮಾಝ್ ಮಾಡಿಸುವ ಮಸೀದಿ. ಬೇರೆ ಮಸೀದಿ ಇದೆ ಎಂಬುದು ಆ ಹೊತ್ತಿನಲ್ಲಿ ತಲೆಗೆ ಬರಲೇ ಇಲ್ಲ.

ಗಾಡಿ ಊರಿಗೆ ಬೇಗನೇ ಬಂತು. ಆದರೆ ಊರಿನ ಇನ್ನೊಂದು ತುದಿಯ ಮಸೀದಿಗೆ ಹೋಯಿತು. ಅಲ್ಲಿ ಜಮಾಅತ್ ಮುಗಿದು ದೀಪ ಆರಿಸಿದ್ದರು. ಚಾಲಕ ಫೋನ್ ಮಾಡಿ, “ಸರ, ಮಸೀದಿ ಮುಂದ ನಿಂತೀನ್ರಿ, ಯಾರೂ ಕಾಣವಲ್ರು” ಅಂದ. “ನಾನೂ ಮಸೀದಿ ಮುಂದೇ ನಿಂತೀನಪ್ಪಾ, ನೀವೆಲ್ಲಿದ್ದೀರಿ?” ಅಂದೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದೆವು. ಆಮೇಲೆ ಅಗಸಿ ಎಂದೆ, ಆಲಾಯಿ ಕುಣಿ ಎಂದೆ, ಹಿಟ್ಟಿನ ಗಿರಣಿ ಎಂದೆ. ಆತ ಬೇರೆ ತಾಲ್ಲೂಕಿನವನು, ಒಂದೂ ಗೊತ್ತಿಲ್ಲ. ಕತ್ತಲಲ್ಲಿ ಗಿರಣಿ ಯಾವುದು, ಮನೆ ಯಾವುದು? ಕೊನೆಗೆ ಒಬ್ಬ ಹುಡುಗ ಬೈಕಿನ ಮೇಲೆ ಹೋಗಿ ಕರೆದುಕೊಂಡು ಬಂದ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು.

ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದಾಗ, ಆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ಅದಕ್ಕೆ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ನಮ್ಮ ಭಾಗದಿಂದ ದೊಡ್ಡ ಆಸ್ಪತ್ರೆ ಮುಟ್ಟುವುದಕ್ಕೇ ಎಷ್ಟು ಹೊತ್ತು ಬೇಕೆಂದು ರಾಯಚೂರಿಗೆ ರೋಗಿಯನ್ನು ಕರೆದುಕೊಂಡು ಹೋದವರಿಗೆಲ್ಲ ಗೊತ್ತು. ಆ ಹಿರಿಯರು ಬದುಕಿದ್ದಾರೆ, ಅಲ್ಹಮ್ದುಲಿಲ್ಲಾಹ್. ಕೋಲು ಹಿಡಿದು ಮಸೀದಿಗೆ ಬರುತ್ತಾರೆ. ತಸ್ಬೀಹ್ ಎಣಿಸುವುದು ಎಡಗೈಯಲ್ಲಿ. ಆ ಇಪ್ಪತ್ತು ನಿಮಿಷದಿಂದಲೇ ಹೀಗಾಯಿತೆಂದು ಯಾವ ವೈದ್ಯರೂ ನನಗೆ ಹೇಳಿಲ್ಲ. ಅಲ್ಲವೆಂದೂ ಹೇಳಿಲ್ಲ.

ಅಂದಿನಿಂದ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ವಿಳಾಸ ಇರುವುದು ನಮಗಾಗಿ ಅಲ್ಲ. ನಮ್ಮ ಮನೆ ನಮಗೆ ಗೊತ್ತು, ನೆಂಟರಿಗೆ ಗೊತ್ತು, ಅಂಚೆಯವನಿಗೂ ಹೆಸರು ಹೇಳಿದರೆ ಗೊತ್ತು. ವಿಳಾಸ ಬೇಕಿರುವುದು ಹಿಂದೆಂದೂ ನಮ್ಮೂರಿಗೆ ಬಾರದ, ರಾತ್ರಿ ಎರಡು ಗಂಟೆಗೆ ಬರುವ, ಯಾರನ್ನೂ ಎಬ್ಬಿಸಿ ಕೇಳಲು ಸಮಯವಿಲ್ಲದ ಒಬ್ಬ ಅಪರಿಚಿತನಿಗೆ. ಆಂಬುಲೆನ್ಸ್ ಚಾಲಕ, ಅಗ್ನಿಶಾಮಕದವರು, 112ಕ್ಕೆ ಕರೆ ಮಾಡಿದಾಗ ಬರುವ ಪೊಲೀಸರು, ಎಲ್ಲರೂ ಇಂಥ ಅಪರಿಚಿತರೇ.

ಮಕ್ತಬಿನ ಮಕ್ಕಳನ್ನು ಒಂದು ದಿನ ಸಾಲಾಗಿ ಕೂರಿಸಿ ನಿಮ್ಮ ಮನೆ ವಿಳಾಸ ಹೇಳಿ ಎಂದೆ. ಒಬ್ಬ “ಬೇವಿನ ಗಿಡದ ಮುಂದ” ಅಂದ. ಆ ಗಿಡ ಕಡಿದು ಆತನಿಗಿಂತ ಹೆಚ್ಚು ವಯಸ್ಸಾಗಿದೆ. ಅವನು ಗಿಡವನ್ನು ನೋಡಿಯೇ ಇಲ್ಲ. ಒಬ್ಬಳು “ನಮ್ಮ ನಾನಿ ಮನೆ ಹಿಂದ” ಅಂದಳು. ನಾನಿಯ ಮನೆ ಎಲ್ಲಿ ಎಂದರೆ “ನಮ್ಮನಿ ಮುಂದ”. ಎಲ್ಲರೂ ನಕ್ಕೆವು. ಆದರೆ ದೊಡ್ಡವರ ಆಧಾರ್ ಕಾರ್ಡ್ ತೆಗೆದು ನೋಡಿದರೆ ಬಹಳಷ್ಟರಲ್ಲಿ ಇರುವುದೂ ಇದೇ: ಮಸೀದಿ ಹತ್ತಿರ, ಗುರುಗುಂಟಾ.

ಹಾಗಾದರೆ ನಮ್ಮ ಮನೆಗಳಿಗೆ ನಂಬರ್ ಇಲ್ಲವೇ? ಇದೆ. ಪಂಚಾಯಿತಿಯ ಪುಸ್ತಕದಲ್ಲಿ ಪ್ರತಿ ಮನೆಗೂ ಆಸ್ತಿ ಸಂಖ್ಯೆ ಇದೆ, ಮನೆ ತೆರಿಗೆ ಕಟ್ಟಿದ ರಸೀದಿಯಲ್ಲಿ ನೋಡಿಕೊಳ್ಳಬಹುದು. ಇ-ಸ್ವತ್ತು ತಂತ್ರಾಂಶದಲ್ಲಿ ಇನ್ನೂ ಉದ್ದದ ಸಂಖ್ಯೆ ಕೊಡುತ್ತಾರೆ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಹಳ್ಳಿಗಳ ಮನೆ ಜಾಗ ಅಳೆಯುವುದೂ ನಡೆದಿದೆ. ಆದರೆ ಇವೆಲ್ಲ ಮಾಲೀಕ ಯಾರು, ತೆರಿಗೆ ಎಷ್ಟು ಎಂದು ತಿಳಿಯಲು ಮಾಡಿದ ಲೆಕ್ಕ. ಓಣಿಯಲ್ಲಿ ಯಾವ ಮನೆ ಆದ ಮೇಲೆ ಯಾವ ಮನೆ ಎಂದು ಹೇಳಲು ಮಾಡಿದ್ದಲ್ಲ. ಮನೆ ಪುಸ್ತಕಕ್ಕೆ ಬಂದಂತೆ ನಂಬರ್ ಕೊಟ್ಟರೆ, 45ರ ಪಕ್ಕದಲ್ಲಿ 46 ಇರಬೇಕೆಂದೇನಿಲ್ಲ. ನಡುವೆ ಹೊಸದಾಗಿ ಕಟ್ಟಿದವರಿಗೆ 212 ಬಿದ್ದಿರಬಹುದು. ಬಾಗಿಲ ಮೇಲೆ ಬರೆದಿದ್ದರೂ ಅದು ದಾರಿ ಹುಡುಕುವವನಿಗೆ ಉಪಯೋಗಕ್ಕೆ ಬರುವುದಿಲ್ಲ. ಜಪಾನಿನಲ್ಲೂ ಹಿಂದೆ ಹೀಗೇ ಇತ್ತಂತೆ. ಪಕ್ಕದ ಮನೆಗಳ ಸಂಖ್ಯೆಗೆ ಒಂದಕ್ಕೊಂದು ಸಂಬಂಧವೇ ಇರುತ್ತಿರಲಿಲ್ಲ. 1962ರಲ್ಲಿ ಅದಕ್ಕಾಗಿ ಒಂದು ಕಾಯ್ದೆಯನ್ನೇ ಮಾಡಿ ಸಂಖ್ಯೆಗಳನ್ನು ಕ್ರಮಕ್ಕೆ ತರಲು ಹೊರಟರು.

ರಾಯಚೂರು, ಕಲಬುರಗಿ, ಹೈದರಾಬಾದಿನ ಹಳೆ ಬಡಾವಣೆಗಳಿಗೆ ಹೋದವರು ಬಾಗಿಲ ಮೇಲೆ ಮೂರು ತುಂಡಿನ ಸಂಖ್ಯೆ ನೋಡಿರುತ್ತೀರಿ: ಮೊದಲನೆಯದು ವಾರ್ಡು, ಎರಡನೆಯದು ಬ್ಲಾಕು, ಮೂರನೆಯದು ಮನೆ. ಒಳ್ಳೆಯ ಪದ್ಧತಿ. ಆದರೆ ಅಣ್ಣತಮ್ಮಂದಿರು ಪಾಲಾದಂತೆ ಸಂಖ್ಯೆಗೂ ಬಾಲ ಬೆಳೆಯುತ್ತದೆ: ಬೈ ಒಂದು, ಬೈ ಒಂದು ಎ, ಬೈ ಎರಡು. ಬೆಂಗಳೂರಿನ ಮೇನ್ ಮತ್ತು ಕ್ರಾಸ್ ಪದ್ಧತಿ ಇನ್ನೊಂದು. ಮೇನ್ ರಸ್ತೆಗಳು ಒಂದು ದಿಕ್ಕಿಗೆ, ಕ್ರಾಸ್ ರಸ್ತೆಗಳು ಅದಕ್ಕೆ ಅಡ್ಡ, ಎರಡಕ್ಕೂ ಸಾಲಾಗಿ ಸಂಖ್ಯೆ. 4ನೇ ಕ್ರಾಸಿನಲ್ಲಿ ನಿಂತವನಿಗೆ 7ನೇ ಕ್ರಾಸ್ ಯಾವ ಕಡೆಗಿದೆ, ಎಷ್ಟು ದೂರ ಎಂದು ಅಂದಾಜು ಸಿಗುತ್ತದೆ. ದೊಡ್ಡವರ ಹೆಸರಿಟ್ಟ ರಸ್ತೆಗೆ ಈ ಗುಣವಿಲ್ಲ. ಇದರ ತೊಡಕು ಒಂದೇ: ಪ್ರತಿ ಬಡಾವಣೆಯಲ್ಲೂ ಒಂದು 1ನೇ ಕ್ರಾಸ್ ಇರುತ್ತದೆ. ಬಡಾವಣೆಯ ಹೆಸರು ಹೇಳದೆ ಕ್ರಾಸ್ ಹೇಳಿದರೆ, ಊರು ಹೇಳದೆ ‘ಮಸೀದಿ ಹತ್ತಿರ’ ಎಂದ ಹಾಗೆ.

ನಮ್ಮ ಸುತ್ತಮುತ್ತ ಸಂಖ್ಯೆಯ ಪದ್ಧತಿ ಹೊಸದೇನೂ ಅಲ್ಲ. ಸಿಂಧನೂರು ಕಡೆ ನಿರಾಶ್ರಿತರಿಗಾಗಿ ಮಾಡಿದ ಆರ್.ಎಚ್. ಕ್ಯಾಂಪುಗಳಿಗೆ ಸಂಖ್ಯೆಯೇ ಹೆಸರು. ತುಂಗಭದ್ರಾ ಎಡದಂಡೆಯ ಉಪಕಾಲುವೆಗಳನ್ನು ರೈತರು ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಮಸ್ಕಿ ತಾಲ್ಲೂಕಿನಲ್ಲಿ ‘5ಎ’ ಎಂದರೆ ಮಕ್ಕಳಿಗೂ ಗೊತ್ತು, ಆ ಕಾಲುವೆಗಾಗಿ ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ. ಕಾಲುವೆಗೆ ನಂಬರ್ ಹಾಕಿದವರು ಮನೆಗಳ ಸಾಲಿಗೂ ಹಾಕಬಹುದಿತ್ತು ಎಂದು ನನಗೆ ಅನ್ನಿಸುತ್ತದೆ.

ಗಲ್ಫಿಗೆ ದುಡಿಯಲು ಹೋದವರನ್ನು ಕೇಳಿ ನೋಡಿ. ಕತಾರಿನಲ್ಲಿ ಕಟ್ಟಡದ ಗೋಡೆಯ ಮೇಲೆ ನೀಲಿ ಫಲಕ ಇರುತ್ತದೆ. ವಲಯ, ಬೀದಿ, ಕಟ್ಟಡ, ಮೂರು ಸಂಖ್ಯೆ. ಅಷ್ಟು ಹೇಳಿದರೆ ಸಾಕು. ದುಬೈನಲ್ಲಿ ಮಕಾನಿ ಎಂಬ ಹತ್ತು ಅಂಕಿಯ ಸಂಖ್ಯೆಯನ್ನು ಕಟ್ಟಡದ ಬಾಗಿಲಲ್ಲೇ ಹಾಕಿರುತ್ತಾರೆ. ಹಜ್ಜಿಗೆ ಹೋಗಿ ಬಂದವರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. ಮಿನಾದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಒಂದೇ ಬಣ್ಣದ ಡೇರೆಗಳು. ಅಲ್ಲಿ ‘ನಮ್ಮ ಡೇರೆ ನಲ್ಲಿ ಹತ್ತಿರ’ ಎಂದರೆ ನಡೆಯುವುದಿಲ್ಲ. ಕೈಗೆ ಕಟ್ಟಿದ ಪಟ್ಟಿ, ಕೊರಳಿನ ಕಾರ್ಡಿನ ಸಂಖ್ಯೆ, ಇವೇ ದಾರಿ ತಪ್ಪಿದ ಹಾಜಿಯನ್ನು ತನ್ನವರಿಗೆ ಸೇರಿಸುತ್ತವೆ.

ಇಸ್ಲಾಮೀ ಇತಿಹಾಸದಲ್ಲೂ ಇದಕ್ಕೆ ಹತ್ತಿರದ ಒಂದು ಪ್ರಸಂಗ ಇದೆ. ಹಿಜರಿ 17ರಲ್ಲಿ ಕೂಫಾ ಪಟ್ಟಣ ಹೊಸದಾಗಿ ನೆಲೆಗೊಂಡಾಗ ಜನ ಜೊಂಡಿನ ಗುಡಿಸಲುಗಳಲ್ಲಿದ್ದರು. ಬೆಂಕಿ ಬಿದ್ದು ಅವು ಸುಟ್ಟವು. ಇಟ್ಟಿಗೆಯಲ್ಲಿ ಕಟ್ಟಿಕೊಳ್ಳಲು ಖಲೀಫಾ ಉಮರ್(ರ) ಅವರ ಅನುಮತಿ ಕೇಳಿದರು. ಅವರು ಒಪ್ಪಿದರು, ಒಬ್ಬೊಬ್ಬರಿಗೆ ಮೂರು ಕೋಣೆಗಿಂತ ಹೆಚ್ಚು ಬೇಡವೆಂದರು. ದೊಡ್ಡ ಬೀದಿ 40 ಮೊಳ, ಅದಕ್ಕಿಂತ ಸಣ್ಣವು 30 ಮತ್ತು 20, ಓಣಿ 7 ಮೊಳ ಎಂದು ಅಳತೆ ಗೊತ್ತುಮಾಡಿದರೆಂದು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ದಾರಿಯ ಬಗ್ಗೆ ಜಗಳವಾದರೆ ಏಳು ಮೊಳ ಬಿಡಿ ಎಂಬ ಅರ್ಥದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಏಳು ಮೊಳ ಎಂದರೆ ಸುಮಾರು ಹತ್ತು ಅಡಿ. ಇವತ್ತಿನ ಆಂಬುಲೆನ್ಸ್ ಒಂದು ಹೋಗಲು ಅಷ್ಟು ಸಾಕು. ನಮ್ಮ ಎಷ್ಟು ಓಣಿಗಳಲ್ಲಿ ಕಟ್ಟೆ, ಮೆಟ್ಟಿಲು, ನಿಲ್ಲಿಸಿದ ಬೈಕು ಬಿಟ್ಟು ಹತ್ತು ಅಡಿ ಉಳಿದಿದೆ ಎಂದು ಒಮ್ಮೆ ಅಳೆದು ನೋಡಿ. ಅದು ಬೇರೆ ಖುತ್ಬಾಕ್ಕೆ ಇರಲಿ.

ಈಗ ಆ ಹಿರಿಯರ ಪ್ರಶ್ನೆಗೆ ಬರುತ್ತೇನೆ: ಫೋನಿನಲ್ಲಿ ಮ್ಯಾಪ್ ಇರುವಾಗ ಇದೆಲ್ಲ ಯಾಕೆ?

ಕರ್ನಾಟಕದಲ್ಲಿ 108ರ ಆರೋಗ್ಯ ಕವಚ ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. ಅಲ್ಲಿಗೆ ಫೋನ್ ಮಾಡಿದರೆ ಉತ್ತರಿಸುವವರು ನಮ್ಮೂರಿನವರಲ್ಲ. ಏನಾಗಿದೆ ಎಂದು ಕೇಳುವುದರ ಜೊತೆಗೆ ಜಿಲ್ಲೆ, ತಾಲ್ಲೂಕು, ಊರು, ಹತ್ತಿರದ ಗುರುತು ಕೇಳುತ್ತಾರೆ. ‘ಬೇಗ ಗಾಡಿ ಕಳಿಸೋದು ಬಿಟ್ಟು ಇದೆಲ್ಲ ಯಾಕೆ ಕೇಳ್ತಾರೆ’ ಎಂದು ಸಿಟ್ಟು ಮಾಡುವವರನ್ನು ನೋಡಿದ್ದೇನೆ. ಈ ಉತ್ತರಗಳಿಲ್ಲದೆ ಯಾವ ಗಾಡಿಯನ್ನು ಯಾವ ಕಡೆ ಕಳಿಸುವುದು? ಫೋನಿನ ಟವರಿನಿಂದ ಜಾಗ ಗೊತ್ತಾಗುತ್ತದೆಂದು ನಂಬಿಕೊಂಡಿರಬೇಡಿ. ಹಳ್ಳಿಗಳಲ್ಲಿ ಟವರುಗಳು ದೂರ ದೂರ. ಒಂದು ಟವರಿನ ಅಡಿಯಲ್ಲಿ ಎಷ್ಟೋ ಊರು ಬರುತ್ತವೆ. ಇನ್ನೊಂದು ಮಾತು ನಮ್ಮ ಮನೆಗಳಿಗೆ ಬಹಳ ಮುಖ್ಯ. ಮಕ್ಕಳು ಬೆಂಗಳೂರಿನಲ್ಲಿ ದುಡಿಯುತ್ತಾರೆ, ಅಬ್ಬಾ ಅಮ್ಮಿ ಊರಲ್ಲಿ. ಎದೆ ನೋವು ಬಂದರೆ ಅಮ್ಮಿ ಮೊದಲು ಫೋನ್ ಮಾಡುವುದು ಮಗನಿಗೆ, ಮಗ ಅಲ್ಲಿಂದ 108ಕ್ಕೆ ಮಾಡುತ್ತಾನೆ. ಆಗ ಆತನ ಫೋನ್ ಇರುವ ಜಾಗಕ್ಕೂ ರೋಗಿ ಇರುವ ಜಾಗಕ್ಕೂ ನೂರಾರು ಕಿಲೋಮೀಟರ್. ಆತ ಮೊದಲ ಮಾತಿನಲ್ಲೇ ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲ್ಲೂಕು, ಗುರುಗುಂಟಾ ಎನ್ನಬೇಕು.

ಮ್ಯಾಪಿನಲ್ಲಿ ಹೆಸರು ಹುಡುಕುವುದರಲ್ಲೂ ತೊಡಕಿದೆ. ನಮ್ಮೂರನ್ನೇ ಇಂಗ್ಲಿಷಿನಲ್ಲಿ ಒಬ್ಬರು ‘ಗುರ್ಗುಂಟಾ’ ಎಂದು ಬರೆಯುತ್ತಾರೆ, ಒಬ್ಬರು ‘ಗುರುಗುಂಟಾ’ ಎಂದು. ಲಿಂಗಸುಗೂರನ್ನು ಬರೆಯುವುದು ಮೂರು ನಾಲ್ಕು ಥರ. ಪಕ್ಕದ ಚಿನ್ನದ ಗಣಿಯ ಊರು ಕನ್ನಡದಲ್ಲಿ ಹಟ್ಟಿ, ಇಂಗ್ಲಿಷಿನಲ್ಲಿ ಹುಟ್ಟಿ. ಪಿನ್‌ಕೋಡ್ ಹೇಳಿದರೆ ಸಾಕೆನ್ನುವವರೂ ಇದ್ದಾರೆ. 1972ರ ಆಗಸ್ಟ್ 15ರಂದು ಬಂದ ಈ ಆರಂಕಿಯ ಸಂಖ್ಯೆ ಅಂಚೆ ಕಚೇರಿಯನ್ನು ತೋರಿಸುತ್ತದೆ, ಮನೆಯನ್ನಲ್ಲ. ಒಂದು ಪಿನ್‌ಕೋಡಿನಲ್ಲಿ ಹತ್ತಾರು ಹಳ್ಳಿ, ತಾಂಡಾಗಳಿರುತ್ತವೆ.

2025ರ ಮೇ 27ರಂದು ಅಂಚೆ ಇಲಾಖೆ ಡಿಜಿಪಿನ್ ಎಂಬ ಹೊಸ ವ್ಯವಸ್ಥೆ ಹೊರತಂದಿತು. ದೇಶದ ನೆಲವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಅಂಕಿ ಅಕ್ಷರ ಸೇರಿ ಹತ್ತರ ಗುರುತು ಕೊಟ್ಟಿದ್ದಾರೆ. ಹೊಲದ ನಡುವಿನ ಬಾವಿಗೂ ಒಂದು ಗುರುತಿದೆ. ಅದರಲ್ಲಿ ಯಾರ ಹೆಸರೂ ಇಲ್ಲ, ಜಾಗ ಮಾತ್ರ. ಅಂಚೆ ಇಲಾಖೆಯ ತಾಣದಲ್ಲಿ ಮನೆಯಂಗಳದಲ್ಲಿ ನಿಂತು ತೆಗೆದುಕೊಳ್ಳಬಹುದು. ಒಳ್ಳೆಯದೇ, ತೆಗೆದಿಟ್ಟುಕೊಳ್ಳಿ. ಆದರೆ ಮಗುವಿಗೆ ಹಾವು ಕಚ್ಚಿದ ಹೊತ್ತಿನಲ್ಲಿ, ಇಂಗ್ಲಿಷ್ ಅಕ್ಷರ ಬಾರದ ತಾಯಿ ಆ ಹತ್ತನ್ನು ತಪ್ಪಿಲ್ಲದೆ ಓದಿ ಹೇಳುತ್ತಾಳೆಂದು ನಾನು ನಂಬುವುದಿಲ್ಲ. “ಗುರುಗುಂಟಾ, ಇಂಥ ಓಣಿ, ಮನೆ ನಂಬರ್ ಹದಿನೇಳು” ಎಂದು ಹೇಳಬಲ್ಲಳು. ಮ್ಯಾಪ್ ಗಾಡಿಯನ್ನು ಊರಿನ ತನಕ, ಓಣಿಯ ತನಕ ತರುತ್ತದೆ. ಅಲ್ಲಿಂದ ಮುಂದೆ ಚಾಲಕನ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲೆ ಏನಾದರೂ ಬರೆದಿರಬೇಕು.

ಎಲ್ಲಕ್ಕಿಂತ ಕಷ್ಟ ದೊಡ್ಡಿಗಳದು. ಹೊರಗಿನ ಓದುಗರಿಗೆ ಒಂದು ಮಾತು: ನಮ್ಮ ಲಿಂಗಸುಗೂರು, ದೇವದುರ್ಗ ಕಡೆ ಹೊಲದಲ್ಲೇ ಮನೆ ಮಾಡಿಕೊಂಡ ನಾಲ್ಕಾರು ಕುಟುಂಬಗಳ ನೆಲೆಗೆ ದೊಡ್ಡಿ ಎನ್ನುತ್ತೇವೆ. ಊರಿನಿಂದ ದೂರ, ಬಂಡಿದಾರಿ, ಬೀದಿದೀಪವಿಲ್ಲ. ಹೆಸರು ಅಲ್ಲಿನ ಮನೆತನದ್ದು, ಅದೂ ಊರವರ ಬಾಯಲ್ಲಿ ಮಾತ್ರ. ಬಣವೆಗೆ ಬೆಂಕಿ ಬಿದ್ದರೆ ಲಿಂಗಸುಗೂರಿನಿಂದ ಬರುವ ಅಗ್ನಿಶಾಮಕ ಗಾಡಿಗೆ ಹೊಗೆಯೇ ವಿಳಾಸ. ಹಾವು, ಚೇಳು, ಹೆರಿಗೆ ನೋವಿಗೆ ಹೊಗೆಯೂ ಇರುವುದಿಲ್ಲ.

ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ ಒಂಟಿ ಹೊಲಮನೆಗಳು ಬಹಳ. ಅವರು ಮಾಡಿದ ಉಪಾಯ ನಮ್ಮ ದೊಡ್ಡಿಗಳಿಗೆ ಹೇಳಿ ಮಾಡಿಸಿದಂತಿದೆ. ರಸ್ತೆ ಶುರುವಾಗುವ ಜಾಗದಿಂದ ಮನೆಯ ಗೇಟಿನ ತನಕ ದೂರ ಅಳೆಯುತ್ತಾರೆ. ಪ್ರತಿ ಹತ್ತು ಮೀಟರಿಗೆ ಒಂದು ಸಂಖ್ಯೆ. ಬಲಗಡೆಗೆ ಸರಿ ಸಂಖ್ಯೆ, ಎಡಗಡೆಗೆ ಬೆಸ ಸಂಖ್ಯೆ. ಮುಖ್ಯರಸ್ತೆಯಿಂದ ಹೊರಟ ಬಂಡಿದಾರಿಯಲ್ಲಿ ಒಂದು ದೊಡ್ಡಿಯ ಸಂಖ್ಯೆ 140 ಎಂದಿಟ್ಟುಕೊಳ್ಳಿ. ಚಾಲಕ ಯಾರನ್ನೂ ಕೇಳಬೇಕಾಗಿಲ್ಲ. 140ನ್ನು ಹತ್ತರಿಂದ ಗುಣಿಸಿದರೆ 1,400 ಮೀಟರ್. ಗಾಡಿಯ ಮೀಟರ್ ನೋಡುತ್ತ ಒಂದು ಕಿಲೋಮೀಟರ್ ನಾನೂರು ಮೀಟರ್ ಹೋಗಿ ಬಲಕ್ಕೆ ನೋಡಿದರೆ ಮನೆ. ನಡುವೆ ನಾಳೆ ಹೊಸ ಮನೆ ಬಂದರೂ ಅದಕ್ಕೆ ತನ್ನದೇ ಸಂಖ್ಯೆ ಕಾದಿರುತ್ತದೆ, ಬಾಲ ಹಚ್ಚಬೇಕಾಗಿಲ್ಲ. ಇದಕ್ಕೆ ಬೇಕಾಗಿರುವುದು ಬೈಕಿನ ಮೀಟರ್, ಒಂದು ಡಬ್ಬಿ ಬಣ್ಣ, ತಿರುವಿನಲ್ಲಿ ನಿಲ್ಲಿಸಲು ಒಂದು ಕಲ್ಲು. ಕಲ್ಲಿಗೆ ನಮ್ಮ ಸೀಮೆಯಲ್ಲಿ ಬರವೇ?

ಓಣಿಗಳಿಗೆ ಬಂದರೆ ಜಗಳ ಶುರುವಾಗುವುದು ಹೆಸರಿನಲ್ಲಿ. ಯಾರ ಹೆಸರಿಡಬೇಕು, ಯಾವ ಮೊಹಲ್ಲಾಕ್ಕೆ ಯಾರ ಬೋರ್ಡು, ಎಂಬುದರ ಮೇಲೆ ಊರುಗಳು ಎರಡಾಗಿರುವುದನ್ನು ಪತ್ರಿಕೆಯಲ್ಲಿ ಓದುತ್ತೇವೆ. ನನ್ನ ಅಭಿಪ್ರಾಯ ಇಷ್ಟು: ಹೊಸ ಹೆಸರೇ ಬೇಡ. ಅಗಸಿ ಓಣಿ, ಗಿರಣಿ ಓಣಿ, ಹನುಮಪ್ಪನ ಗುಡಿ ಓಣಿ, ಮಸೀದಿ ಓಣಿ ಎಂದು ಜನ ಈಗ ಏನು ಕರೆಯುತ್ತಾರೋ ಅದನ್ನೇ ಬರೆಯಲಿ. ಬರೆದದ್ದು ಊರಿನಲ್ಲಿ ಒಂದೇ ಇರಲಿ, ಎರಡಿದ್ದರೆ ದೊಡ್ಡದು ಸಣ್ಣದು ಎಂದೋ ಮೇಲಿನದು ಕೆಳಗಿನದು ಎಂದೋ ಬೇರೆ ಮಾಡಲಿ. ಓಣಿಯ ಎರಡೂ ಬಾಯಲ್ಲಿ ಬೋರ್ಡ್ ಇರಲಿ. ಮನೆ ಸಂಖ್ಯೆ ಮುಖ್ಯರಸ್ತೆಯ ಕಡೆಯಿಂದ ಸಾಲಾಗಿ ಬರಲಿ, ಬ್ಯಾಟರಿ ಬೆಳಕಿನಲ್ಲಿ ಕಾಣುವಷ್ಟು ದೊಡ್ಡದಾಗಿರಲಿ. ಆದರೆ ಒಬ್ಬೊಬ್ಬರೇ ಮನಸ್ಸಿಗೆ ಬಂದ ಸಂಖ್ಯೆ ಬರೆದುಕೊಳ್ಳಬೇಡಿ, ಗೊಂದಲ ಇನ್ನೂ ಹೆಚ್ಚಾಗುತ್ತದೆ. ವಾರ್ಡ್ ಸಭೆಯಲ್ಲಿ, ಗ್ರಾಮ ಸಭೆಯಲ್ಲಿ ವಿಷಯ ಇಟ್ಟು ಪಂಚಾಯಿತಿಯಿಂದಲೇ ಠರಾವು ಮಾಡಿಸಬೇಕು. ಆ ಸಭೆಗಳಿಗೆ ನಮ್ಮವರು ಹೋಗುವುದು ಕಡಿಮೆ. ಹೋದರೂ ಮನೆ ಮಂಜೂರಿ, ನಲ್ಲಿ ಕೇಳಿ ಎದ್ದು ಬರುತ್ತೇವೆ.

ಅಷ್ಟು ಆಗುವ ತನಕ ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದಿದೆ. ಜಿಲ್ಲೆ, ತಾಲ್ಲೂಕು, ಊರು, ಓಣಿ, ರಾತ್ರಿಯೂ ಕಾಣುವ ಒಂದು ಗುರುತು, ಇಷ್ಟನ್ನು ಕನ್ನಡದಲ್ಲಿ ಚೀಟಿಯ ಮೇಲೆ ಬರೆದು ಅಡುಗೆಮನೆಯ ಗೋಡೆಗೆ ಹಚ್ಚಿ. ಅಡುಗೆಮನೆ ಯಾಕೆಂದರೆ ಹಗಲು ಹೊತ್ತು ಮನೆಯಲ್ಲಿರುವವರು ಹೆಂಗಸರು, ಮಕ್ಕಳು. ಮನೆಯಲ್ಲಿ ದಖನಿ ಮಾತಾಡುವ ಮಕ್ಕಳಿಗೆ ಅದನ್ನು ಕನ್ನಡದಲ್ಲೇ ಹೇಳಿ ರೂಢಿ ಮಾಡಿಸಿ. ಗಾಡಿ ಹೊರಟ ಮೇಲೆ ಅದೇ ಫೋನ್ ಖಾಲಿ ಇಡಿ. ನೆಂಟರಿಗೆಲ್ಲ ಸುದ್ದಿ ಮುಟ್ಟಿಸಲು ಬೇರೆ ಫೋನ್ ಬಳಸಿ. ಚಾಲಕ ಕರೆ ಮಾಡಿದಾಗ ಲೈನ್ ಬಿಡುವಿಲ್ಲದಿದ್ದರೆ ಆತ ಯಾರನ್ನು ಕೇಳಬೇಕು? ಒಬ್ಬರು ಬ್ಯಾಟರಿ ಹಿಡಿದು ಮುಖ್ಯರಸ್ತೆಗೆ ಹೋಗಿ ನಿಲ್ಲಿ. ಮನೆಯ ಬಾಗಿಲಲ್ಲಿ ಗುಂಪು ಸೇರಿ ನಿಂತರೆ ಗಾಡಿಗೆ ಕಾಣುವುದಿಲ್ಲ.

ನಮ್ಮ ಮಸೀದಿಯ ಗೇಟಿನ ಮೇಲೆ ಮೊದಲು ಹೆಸರು ಮಾತ್ರ, ಅದೂ ಉರ್ದುವಿನಲ್ಲಿ ಇತ್ತು. ಈಗ ಕಮಿಟಿಯವರು ಕೆಳಗೆ ದೊಡ್ಡ ಕನ್ನಡ ಅಕ್ಷರದಲ್ಲಿ ಓಣಿ, ಊರು, ತಾಲ್ಲೂಕು ಬರೆಸಿದ್ದಾರೆ, ಮೇಲೆ ರಾತ್ರಿಯಿಡೀ ಉರಿಯುವ ಒಂದು ಬಲ್ಬ್ ಹಾಕಿದ್ದಾರೆ. ಮನೆ ಸಂಖ್ಯೆಗಾಗಿ ಬರೆದ ಅರ್ಜಿಗೆ ಓಣಿಯ ಎಲ್ಲ ಜಾತಿಯ ಮನೆಯವರ ಸಹಿ ಬಿದ್ದಿದೆ. ಆ ಹಿರಿಯರೂ ಸಹಿ ಹಾಕಿದರು, ಎಡಗೈಯಲ್ಲಿ. ಮುಂದಿನ ವಾರ್ಡ್ ಸಭೆಗೆ ಅರ್ಜಿ ತೆಗೆದುಕೊಂಡು ನಾನೂ ಹೋಗುತ್ತಿದ್ದೇನೆ.